ಬಡ್ತಿಯ ಪೈಪೋಟಿ: ನೀವಿಲ್ಲದ ಸಭೆಗೆ ತಯಾರಾಗುವುದು ಹೇಗೆ?

ವರ್ಷವಿಡೀ ತಲೆ ಎತ್ತದೆ ದುಡಿದವರಿಗೆ ಸಾಧಾರಣ ರೇಟಿಂಗ್, ಅಷ್ಟೇನೂ ದುಡಿಯದಂತೆ ಕಂಡವರಿಗೆ ಬಡ್ತಿ. ಅಪ್ರೈಸಲ್ (ಕೆಲಸದ ವಾರ್ಷಿಕ ಮೌಲ್ಯಮಾಪನ) ಮುಗಿದ ವಾರ ಕಚೇರಿಗಳಲ್ಲಿ ಇದೇ ಮಾತು. ಕೊಡುವ ಕಾರಣವೂ ಒಂದೇ: ‘ಎಲ್ಲಾ ರಾಜಕೀಯ.’ ಕೆಲವು ಕಡೆ ಅದು ನಿಜವೂ ಹೌದು. ಆದರೆ ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಒಂದೇ ಹಂತದ ಮ್ಯಾನೇಜರುಗಳೆಲ್ಲ ಒಂದು ಕೋಣೆಯಲ್ಲೋ ವಿಡಿಯೊ ಕಾಲ್‌ನಲ್ಲೋ ಸೇರುತ್ತಾರೆ. ಮುಂದೆ ಹತ್ತಾರು ಹೆಸರುಗಳ ಪಟ್ಟಿ, ಒಂದೊಂದು ಹೆಸರಿಗೆ ಸಿಗುವುದು ಕೆಲವೇ ನಿಮಿಷ. ನಿಮ್ಮ ಮ್ಯಾನೇಜರ್ ನಿಮ್ಮ ಬಗ್ಗೆ ಎರಡು ಮಾತು ಹೇಳುತ್ತಾರೆ. ಪಕ್ಕದ ಟೀಮಿನವರು ‘ಅದು ಆ ಹುದ್ದೆಯವರು ಹೇಗೂ ಮಾಡಬೇಕಾದ ಕೆಲಸ ಅಲ್ವಾ?’ ಎನ್ನುತ್ತಾರೆ. ಆಗ ನಿಮ್ಮ ಮ್ಯಾನೇಜರ್ ಕೈಯಲ್ಲಿ ಒಂದು ಅಂಕಿ, ಒಂದು ಉದಾಹರಣೆ ಇದ್ದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ‘ಮುಂದಿನ ವರ್ಷ ನೋಡೋಣ’. ಈ ಸಭೆಯನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಅಂದರೆ ಪೈಪೋಟಿಯ ದೊಡ್ಡ ಪಾಲು ನಡೆಯುವುದು ನೀವಿಲ್ಲದ ಕಡೆ. ನಿಮ್ಮ ಪರವಾಗಿ ಮಾತಾಡುವವರಿಗೆ ಏನು ಒದಗಿಸಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಮುಂದೆ ಹೇಳುವುದೆಲ್ಲ ಆ ಕೆಲವು ನಿಮಿಷಗಳ ತಯಾರಿ.

ಮೊದಲು ನಿಯಮ ತಿಳಿದುಕೊಳ್ಳಿ

ನಿಮ್ಮ ಸಂಸ್ಥೆಯಲ್ಲಿ ರೇಟಿಂಗ್ ಕೊಡುವುದು ಒಬ್ಬರನ್ನು ಇನ್ನೊಬ್ಬರ ಜತೆ ಹೋಲಿಸಿಯೋ ಅಥವಾ ಹುದ್ದೆಗೆ ಗೊತ್ತುಪಡಿಸಿದ ಮಟ್ಟದ ಜತೆ ಹೋಲಿಸಿಯೋ? ಮೊದಲನೆಯದಕ್ಕೆ ಹೆಸರಾದ ಮಾದರಿ ಜನರಲ್ ಎಲೆಕ್ಟ್ರಿಕ್ ಕಂಪನಿಯದು. 1980ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ನೌಕರರನ್ನು ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಎಂದು ಭಾಗ ಮಾಡುವ ಪದ್ಧತಿಯನ್ನು ಬೆಳೆಸಿದರು. ಕೆಳಗಿನವರಿಗೆ ಬಾಗಿಲು ತೋರಿಸಲಾಗುತ್ತಿತ್ತು. ಅಡೋಬಿ 2012ರಲ್ಲಿ ವಾರ್ಷಿಕ ಮೌಲ್ಯಮಾಪನವನ್ನೇ ಕೈಬಿಟ್ಟಿತು. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಶ್ರೇಣಿ ಪದ್ಧತಿ ನಿಲ್ಲಿಸಿತು. ಹಾಗೆಂದು ಹೋಲಿಕೆ ಮಾಯವಾಗಿಲ್ಲ. ಸಂಬಳ ಏರಿಕೆಗೆ ಇಟ್ಟ ಹಣಕ್ಕೆ ಮಿತಿ ಇರುವವರೆಗೆ ಹೆಸರಿಲ್ಲದೆಯೂ ಹೋಲಿಕೆ ನಡೆದೇ ನಡೆಯುತ್ತದೆ.

ಮ್ಯಾನೇಜರ್ ಅಥವಾ ಎಚ್‌ಆರ್ ಬಳಿ ಈ ನಾಲ್ಕು ಸಂಗತಿ ಕೇಳಿ ತಿಳಿದುಕೊಳ್ಳಿ. ಮೇಲಿನ ರೇಟಿಂಗ್‌ಗೆ ಇಷ್ಟೇ ಜನ ಎಂಬ ಮಿತಿ ಇದೆಯೇ? ಬಡ್ತಿ ಸಿಗಲು ಮೇಲೆ ಹುದ್ದೆ ಖಾಲಿ ಇರಬೇಕೋ, ಆ ಮಟ್ಟದ ಕೆಲಸ ಮಾಡಿ ತೋರಿಸಿದರೆ ಸಾಕೋ? ಕೊನೆಯ ಸಹಿ ಯಾರದು? ಹೆಸರುಗಳ ಪಟ್ಟಿ ಯಾವ ದಿನ ಮೇಲಕ್ಕೆ ಹೋಗುತ್ತದೆ?

ಹೆಚ್ಚು ಜನ ಎಡವುವುದು ಕೊನೆಯ ಪ್ರಶ್ನೆಯಲ್ಲೇ. ಅಪ್ರೈಸಲ್ ಮಾತುಕತೆಗೆ ಕರೆಯುವ ಹೊತ್ತಿಗೆ ತೀರ್ಮಾನ ಆಗಿ ವಾರಗಳೇ ಕಳೆದಿರುತ್ತವೆ. ಆ ದಿನ ಎಷ್ಟು ಚೆನ್ನಾಗಿ ವಾದ ಮಾಡಿದರೂ ಮ್ಯಾನೇಜರ್ ಕೈಯಲ್ಲಿ ಬದಲಿಸಲು ಏನೂ ಉಳಿದಿರುವುದಿಲ್ಲ. ಪಟ್ಟಿ ಹೋಗುವ ದಿನದಿಂದ ಹಿಂದಕ್ಕೆ ಎಂಟು ವಾರ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಮ್ಮ ಕಾಗದಪತ್ರ ಸಿದ್ಧವಾಗಿರಬೇಕಾದ ದಿನ ಅದು.

ಬೇಕಿರುವುದು ಏನು?

ಹಣ, ಹುದ್ದೆಯ ಹೆಸರು, ಕೈಕೆಳಗೆ ಜನ, ಕಲಿಯುವ ಅವಕಾಶ, ನಮ್ಮ ಕೆಲಸವನ್ನು ನಾವೇ ತೀರ್ಮಾನಿಸುವ ಸ್ವಾತಂತ್ರ್ಯ: ಐದನ್ನೂ ಮುಖ್ಯವೆನಿಸಿದ ಕ್ರಮದಲ್ಲಿ ಬರೆದು, ಮೊದಲ ಎರಡನ್ನು ಮಾತ್ರ ಉಳಿಸಿ. ಎಲ್ಲವೂ ಬೇಕು ಎಂದವರು ಎದುರಿಗೆ ಬಂದ ಪೈಪೋಟಿಗೆಲ್ಲ ಇಳಿದು ಸುಸ್ತಾಗುತ್ತಾರೆ.

ಇಲ್ಲಿ ಆಗುವ ದುಬಾರಿ ತಪ್ಪು ಎಂದರೆ ಬಡ್ತಿ ಅಂದರೆ ಮ್ಯಾನೇಜರ್ ಆಗುವುದು ಎಂದುಕೊಳ್ಳುವುದು. ಹಲವು ಸಂಸ್ಥೆಗಳಲ್ಲಿ ಜನರನ್ನು ನಡೆಸದೆ ತಾಂತ್ರಿಕ ಪರಿಣತಿಯಲ್ಲೇ ಮೇಲೇರುವ ದಾರಿಯೂ ಇದೆ. ಮ್ಯಾನೇಜರ್ ಆದರೆ ದಿನದ ಬಹುಪಾಲು ಮೀಟಿಂಗ್, ರಜೆಯ ಹೊಂದಾಣಿಕೆ, ಇಬ್ಬರ ನಡುವಿನ ಮನಸ್ತಾಪ, ಬಜೆಟ್ ಇವುಗಳಲ್ಲೇ ಹೋಗುತ್ತದೆ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಕೈತಪ್ಪುತ್ತದೆ. ಮೊದಲೇ ಪರೀಕ್ಷಿಸಿ ನೋಡಿ: ಮ್ಯಾನೇಜರ್ ರಜೆ ಹಾಕಿದಾಗ ಎರಡು ವಾರ ಟೀಮಿನ ಹೊಣೆ ಕೇಳಿ, ಇಲ್ಲವೇ ಹೊಸಬರೊಬ್ಬರಿಗೆ ಮೂರು ತಿಂಗಳು ಮಾರ್ಗದರ್ಶನ ಮಾಡಿ. ಆ ಅವಧಿಯ ಕೊನೆಗೆ ‘ಸದ್ಯ ಮುಗಿಯಿತು’ ಅನಿಸಿದರೆ ಉತ್ತರ ಸಿಕ್ಕಿತು.

ವಾರಕ್ಕೆ ಹದಿನೈದು ನಿಮಿಷದ ದಾಖಲೆ

ಬೇರೆ ಯಾವ ಹೆಜ್ಜೆ ಬಿಟ್ಟರೂ ಇದನ್ನು ಬಿಡಬೇಡಿ. ವಾರದ ಕೊನೆಯ ಕೆಲಸದ ದಿನ, ಮನೆಗೆ ಹೊರಡುವ ಮುನ್ನ, ಹದಿನೈದು ನಿಮಿಷ ಕೂತು ಮೂರರಿಂದ ಐದು ಸಾಲು ಬರೆಯಿರಿ. ‘ತಿಂಗಳ ಕೊನೆಗೆ ಒಟ್ಟಿಗೆ ಬರೆದರಾಯಿತು’ ಎಂದರೆ ಆಗುವುದಿಲ್ಲ. ಅಷ್ಟರಲ್ಲಿ ಅಂಕಿಗಳು ಮರೆತು ‘ಸಹಾಯ ಮಾಡಿದೆ’, ‘ಸುಧಾರಿಸಿದೆ’ ಎಂಬ ಪೊಳ್ಳು ಕ್ರಿಯಾಪದಗಳಷ್ಟೇ ಉಳಿದಿರುತ್ತವೆ.

ಪ್ರತಿ ನಮೂದಿನಲ್ಲಿ ನಾಲ್ಕು ಅಂಶ ಇರಲಿ: ಮೊದಲು ಹೇಗಿತ್ತು, ನಾನು ಮಾಡಿದ್ದೇನು, ಈಗ ಹೇಗಿದೆ, ಇದು ಯಾರಿಗೆ ಗೊತ್ತು. ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ:

‘ತಿಂಗಳ ಲೆಕ್ಕದ ವರದಿಯ ಪ್ರಕ್ರಿಯೆ ಸುಧಾರಿಸಿದೆ.’

ಸಭೆಯಲ್ಲಿ ಇದನ್ನು ಓದಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದೇ ಕೆಲಸವನ್ನು ಹೀಗೆ ಬರೆಯಬಹುದು:

‘ತಿಂಗಳ ಕೊನೆಯ ಲೆಕ್ಕ ಹೊಂದಿಸಲು ಇಬ್ಬರಿಗೆ 3 ದಿನ ಹಿಡಿಯುತ್ತಿತ್ತು. ಮೂರು ವಿಭಾಗದವರು ಮೂರು ನಮೂನೆಯಲ್ಲಿ ಅಂಕಿ ಕಳಿಸುತ್ತಿದ್ದುದು ಕಾರಣ. ಮೂವರನ್ನೂ ಒಪ್ಪಿಸಿ ಒಂದೇ ನಮೂನೆ ತಂದೆ. ಹೊಂದಿಸುವ ಶೀಟನ್ನು ನಮ್ಮ ಟೀಮಿನ ಇನ್ನೊಬ್ಬರು ಮಾಡಿದರು. ಈಗ ಒಬ್ಬರಿಗೆ 1 ದಿನ ಸಾಕು. ತಿಂಗಳಿಗೆ 5 ಆಳುದಿನ ಉಳಿತಾಯ. ಹಣಕಾಸು ವಿಭಾಗದ ಮುಖ್ಯಸ್ಥರು ಮೇಲ್‌ನಲ್ಲಿ ಖಚಿತಪಡಿಸಿದ್ದಾರೆ.’

ಇದರಲ್ಲಿ ಲೆಕ್ಕ ಇದೆ: ಮೊದಲು ಇಬ್ಬರು ಮೂರು ದಿನ, ಅಂದರೆ ಆರು, ಈಗ ಒಂದು. ಮೂರು ವಿಭಾಗದವರನ್ನು ಒಪ್ಪಿಸಿದ್ದು ಮೇಲಿನ ಹುದ್ದೆಯವರ ಕೆಲಸ, ಅದು ಎದ್ದು ಕಾಣುತ್ತದೆ. ಶೀಟ್ ಮಾಡಿದವರ ಪಾಲನ್ನು ಒಪ್ಪಿಕೊಂಡಿರುವುದರಿಂದ ಉಳಿದದ್ದೂ ನಂಬಿಕೆ ಹುಟ್ಟಿಸುತ್ತದೆ. ಎಲ್ಲವನ್ನೂ ‘ನಾವು’ ಎಂದು ಬರೆದರೆ ನಿಮ್ಮ ಪಾಲು ಮಾಯ. ಎಲ್ಲವನ್ನೂ ‘ನಾನು’ ಎಂದರೆ ಸಭೆಯಲ್ಲಿರುವ ಇನ್ನೊಬ್ಬ ಮ್ಯಾನೇಜರ್ ‘ಅದರಲ್ಲಿ ನಮ್ಮವರೂ ಇದ್ದರಲ್ಲ’ ಎಂದ ಕೂಡಲೇ ಇಡೀ ಪುಟದ ಮೇಲೆ ಅನುಮಾನ.

ಈ ದಾಖಲೆ ಕೆಡುವುದಕ್ಕೆ ಮುಖ್ಯ ಕಾರಣ ‘ಮೊದಲು ಹೇಗಿತ್ತು’ ಎಂಬುದನ್ನು ಯಾರೂ ಅಳೆದಿಟ್ಟುಕೊಳ್ಳದಿರುವುದು. ಕೆಲಸ ಶುರು ಮಾಡುವ ಮೊದಲ ದಿನವೇ ಎಷ್ಟು ಹೊತ್ತು ಹಿಡಿಯುತ್ತಿದೆ, ಎಷ್ಟು ದೂರು ಬರುತ್ತಿವೆ, ಎಷ್ಟು ಸಲ ತಪ್ಪುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಅವಘಡ ತಡೆಯುವ ಕೆಲಸದವರಿಗಂತೂ ಇದು ಕಡ್ಡಾಯ, ಏಕೆಂದರೆ ಆಗದೇ ಹೋದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ಆರು ತಿಂಗಳಲ್ಲಿ ಸಿಸ್ಟಂ ನಾಲ್ಕು ಸಲ ನಿಂತಿತ್ತು, ಈ ಆರು ತಿಂಗಳಲ್ಲಿ ಒಮ್ಮೆಯೂ ಇಲ್ಲ ಎಂಬ ಎರಡು ಅಂಕಿ ಪಕ್ಕಪಕ್ಕ ಇದ್ದಾಗಲೇ ಅದು ಕಾಣುವುದು.

ಒಂದು ಎಚ್ಚರಿಕೆ. ಗ್ರಾಹಕರ ವಿವರ, ಕಂಪನಿಯ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಕೆಲಸ ಹೋಗುವಷ್ಟು ದೊಡ್ಡ ಉಲ್ಲಂಘನೆ ಅದು. ಪೂರ್ಣ ದಾಖಲೆ ಕಚೇರಿಯ ಕಂಪ್ಯೂಟರಿನಲ್ಲೇ ಇರಲಿ. ಗೋಪ್ಯವಲ್ಲದ ಸಾರವನ್ನು ಮಾತ್ರ ನಿಮ್ಮದೇ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿಡಿ.

ಪಟ್ಟಿ ಹೋಗುವ ಎಂಟು ವಾರ ಮೊದಲು ಈ ನಮೂದುಗಳಿಂದ ಐದನ್ನು ಆರಿಸಿ ಒಂದು ಪುಟ ಮಾಡಿ ಮ್ಯಾನೇಜರ್‌ಗೆ ಕೊಡಿ. ಎರಡು ಪುಟವಾದರೆ ಓದುವುದಿಲ್ಲ. ಐದರಲ್ಲಿ ಎರಡಾದರೂ ವರ್ಷದ ಮೊದಲ ಭಾಗದವು ಇರಲಿ. ನೆನಪಿನಿಂದ ಬರೆಯುವ ಮ್ಯಾನೇಜರ್‌ಗೆ ಕೊನೆಯ ಎರಡು ಮೂರು ತಿಂಗಳದ್ದೇ ಹೊಳೆಯುತ್ತದೆ.

ಮ್ಯಾನೇಜರ್ ಜತೆ ಅರ್ಧ ಗಂಟೆ

‘ನನ್ನ ಕೆಲಸ ಹೇಗಿದೆ ಸರ್?’ ಎಂದು ಕೇಳಿದರೆ ‘ಚೆನ್ನಾಗಿದೆ, ಹೀಗೇ ಮುಂದುವರಿಸಿ’ ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಇದರ ಬದಲು ಹೀಗೆ ಕೇಳಿ: ‘ಸರ್, ನನ್ನ ಹೆಸರು ಬಡ್ತಿಗೆ ಹೋಯಿತು ಅಂತಿಟ್ಟುಕೊಳ್ಳಿ. ಸಭೆಯಲ್ಲಿ ಯಾರು ಬೇಡ ಅನ್ನಬಹುದು? ಏನು ಕಾರಣ ಕೊಡಬಹುದು?’

ಈ ಪ್ರಶ್ನೆಗೆ ಮ್ಯಾನೇಜರ್ ನಿಮ್ಮ ಕೊರತೆಯನ್ನು ತಮ್ಮ ಬಾಯಿಂದ ಹೇಳಬೇಕಿಲ್ಲ, ಬೇರೆಯವರ ಮಾತಾಗಿ ಹೇಳಬಹುದು. ಅದಕ್ಕೇ ನಿಜ ಹೊರಬರುತ್ತದೆ. ‘ಬೇರೆ ಟೀಮಿನವರಿಗೆ ನಿಮ್ಮ ಪರಿಚಯ ಕಡಿಮೆ’ ಎಂದರೋ, ಮುಂದಿನ ಪ್ರಶ್ನೆ: ‘ಯಾವ ಟೀಮ್? ಅವರ ಜತೆ ಸೇರಿ ಮಾಡುವ ಯಾವ ಕೆಲಸ ಈಗ ನನಗೆ ಕೊಡಬಹುದು?’ ‘ಸ್ವಲ್ಪ ಇನಿಷಿಯೇಟಿವ್ ಬೇಕು’ ಎಂದು ತೇಲಿಸಿ ಹೇಳಿದರೆ ‘ಕಳೆದ ತಿಂಗಳು ಎಲ್ಲಿ ನಾನಾಗಿ ಮುಂದೆ ಬರಬೇಕಿತ್ತು ಅನಿಸಿತು?’ ಎಂದು ಒಂದು ನಿಜ ಸಂದರ್ಭಕ್ಕೆ ತನ್ನಿ. ಸಂದರ್ಭ ಸಿಗದಿದ್ದರೆ ಆ ಕೊರತೆ ಬಾಯಿಮಾತಿನದು ಎಂದು ಅವರಿಗೂ ಗೊತ್ತಾಗುತ್ತದೆ.

ಅದೇ ದಿನ ಸಂಜೆಯೊಳಗೆ ಐದು ಸಾಲಿನ ಮೇಲ್ ಹಾಕಿ: ಮಾತಾಡಿದ ಎರಡು ಕೊರತೆ, ಒಪ್ಪಿದ ಎರಡು ಕೆಲಸ, ಮತ್ತೆ ಕೂರುವ ದಿನಾಂಕ. ಆರು ವಾರಕ್ಕೊಮ್ಮೆ ಕೂತರೆ ಸಾಕು. ಪ್ರತಿ ವಾರ ಬಡ್ತಿಯ ಮಾತೆತ್ತುವವರನ್ನು ಕಂಡರೆ ಮ್ಯಾನೇಜರುಗಳು ದಾರಿ ಬದಲಿಸುತ್ತಾರೆ.

ಮ್ಯಾನೇಜರ್ ಬದಲಾಗುವ ಸುದ್ದಿ ಬಂದರೆ ಈ ಮೇಲ್‌ಗಳ ಬೆಲೆ ತಿಳಿಯುತ್ತದೆ. ಹಳಬರು ಕೊಟ್ಟ ಮಾತು ಹೊಸಬರನ್ನು ಕಟ್ಟಿಹಾಕುವುದಿಲ್ಲ, ವರ್ಷದ ಕೆಲಸ ಸೊನ್ನೆಯಿಂದ ಶುರುವಾಗುವುದೂ ಉಂಟು. ಹೋಗುವವರು ಹೊರಡುವ ಮುನ್ನವೇ, ನಿಮ್ಮ ಬಗ್ಗೆ ಹತ್ತು ಸಾಲಿನ ಅಭಿಪ್ರಾಯ ಬರೆದು ಹೊಸಬರಿಗೆ ಕಳಿಸಿ, ನಿಮಗೂ ಪ್ರತಿ ಕೊಡುವಂತೆ ಕೇಳಿಕೊಳ್ಳಿ.

ಯಾವ ಕೆಲಸಕ್ಕೆ ಕೈ ಹಾಕಬೇಕು?

ನಿಮ್ಮ ಮ್ಯಾನೇಜರ್‌ಗೆ ಅವರ ಮ್ಯಾನೇಜರ್ ಏನು ಕೇಳುತ್ತಿದ್ದಾರೆ ಎಂದು ಪತ್ತೆ ಮಾಡಿ. ಆ ಪ್ರಶ್ನೆಗೆ ಉತ್ತರವಾಗುವ ಕೆಲಸಕ್ಕೆ ತೂಕ ಹೆಚ್ಚು. ಮೀಟಿಂಗಿನ ಟಿಪ್ಪಣಿ, ಬೀಳ್ಕೊಡುಗೆ ಸಮಾರಂಭದ ಏರ್ಪಾಟು, ಹೊಸಬರಿಗೆ ಐಡಿ ಕಾರ್ಡ್ ಕೊಡಿಸುವ ಓಡಾಟ ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಬಡ್ತಿ ಸಭೆಯಲ್ಲಿ ಇವನ್ನು ಯಾರೂ ಎಣಿಸುವುದಿಲ್ಲ. ಇಂಥ ಕೆಲಸ ಮಾಡುವಂತೆ ಕೇಳಿಕೊಳ್ಳುವುದು ಹೆಚ್ಚಾಗಿ ಹೆಂಗಸರನ್ನೇ, ಒಪ್ಪಿಕೊಳ್ಳುವವರೂ ಹೆಚ್ಚಾಗಿ ಅವರೇ ಎಂದು ಲಿಂಡಾ ಬ್ಯಾಬ್‌ಕಾಕ್ ಮತ್ತು ಲಿಸೆ ವೆಸ್ಟರ್‌ಲಂಡ್ ಮುಂತಾದ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದ್ದರಿಂದ ಒಬ್ಬೊಬ್ಬರೇ ‘ಆಗಲ್ಲ’ ಎನ್ನುವುದಕ್ಕಿಂತ ಸರದಿ ಕಟ್ಟುವುದು ಒಳ್ಳೆಯದು: ‘ಈ ಸಲ ನಾನು ಬರೀತೀನಿ. ಮುಂದಿನ ವಾರದಿಂದ ಹೆಸರಿನ ಅಕ್ಷರ ಕ್ರಮದಲ್ಲಿ ಎಲ್ಲರೂ ಬರೆಯೋಣ.’ ಮ್ಯಾನೇಜರ್ ಎದುರಿಗಿರುವಾಗಲೇ ಹೇಳಿ.

ಗುರಿಯ ಅಂಕಿ ಆರಿಸುವಾಗ ಜೋಡಿಯಾಗಿ ಆರಿಸಿ. ಅಳತೆಯೊಂದು ಗುರಿಯಾದ ಮೇಲೆ ಅಳತೆಯಾಗಿ ಕೆಟ್ಟುಹೋಗುತ್ತದೆ ಎಂಬುದು ಗುಡ್‌ಹಾರ್ಟ್ ನಿಯಮವೆಂದೇ ಹೆಸರಾದ ಮಾತು. ದಿನಕ್ಕೆ ಎಷ್ಟು ಕರೆ ಮುಗಿಸಿದಿರಿ ಎಂದಷ್ಟೇ ಎಣಿಸಿದರೆ ಕರೆಗಳನ್ನು ಅರ್ಧಕ್ಕೇ ತುಂಡರಿಸುವುದು ಶುರುವಾಗುತ್ತದೆ, ಅದೇ ಗ್ರಾಹಕ ಮತ್ತೆ ಕರೆ ಮಾಡುತ್ತಾನೆ. ಮುಗಿಸಿದ ಕರೆಯ ಜತೆಗೆ ವಾರದೊಳಗೆ ಮರಳಿ ಬಂದ ಕರೆಯನ್ನೂ ನೀವೇ ವರದಿ ಮಾಡಿ. ನಿಮಗಿಂತ ಹೆಚ್ಚು ಕರೆ ಮುಗಿಸಿದವರ ನಿಜಸ್ಥಿತಿಯೂ ಆಗ ತಾನಾಗಿ ಬಯಲಾಗುತ್ತದೆ!

ಪಕ್ಕದ ಮೇಜಿನವರ ಜತೆ

ಬಹುಮಾನ ಸಿಗುವುದು ಇನ್ನೊಬ್ಬರಿಗಿಂತ ಮುಂದಿದ್ದರೆ ಮಾತ್ರ ಎಂದಾದಾಗ ಜನ ಹೆಚ್ಚು ದುಡಿಯುತ್ತಾರೆ ಎಂದು ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಲೇಜಿಯರ್ ಮತ್ತು ಶೆರ್ವಿನ್ ರೋಸೆನ್ 1981ರಲ್ಲಿ ವಿವರಿಸಿದರು. ಅದರ ಇನ್ನೊಂದು ಮುಖವನ್ನು ಲೇಜಿಯರ್ 1989ರಲ್ಲಿ ಬರೆದರು: ತಾನು ಮೇಲೇರಿದರೂ ಪಕ್ಕದವರು ಕೆಳಗಿಳಿದರೂ ಫಲ ಒಂದೇ ಆದ್ದರಿಂದ, ಬಹುಮಾನದ ಅಂತರ ಹೆಚ್ಚಿದಷ್ಟೂ ಸಹಕಾರ ಸಾಯುತ್ತದೆ. ಮಾಹಿತಿ ಮುಚ್ಚಿಡುವ ಸಹೋದ್ಯೋಗಿ ಕೆಟ್ಟವರೇ ಆಗಿರಬೇಕಿಲ್ಲ. ಪದ್ಧತಿ ಹಾಗೆ ಮಾಡಿಸುತ್ತದೆ.

ಆದರೂ ಮುಚ್ಚಿಡುವುದು ಕೆಟ್ಟ ತಂತ್ರ. ನೀವೊಬ್ಬರೇ ಬಲ್ಲ ಕೆಲಸ ಇದ್ದರೆ ನಿಮ್ಮನ್ನು ತೆಗೆಯುವುದು ಕಷ್ಟ, ಸರಿ; ಮೇಲಕ್ಕೆ ಕಳಿಸುವುದೂ ಅಷ್ಟೇ ಕಷ್ಟ. ‘ಅವರು ಹೋದರೆ ಆ ಕೆಲಸ ಯಾರು ನೋಡುತ್ತಾರೆ?’ ಎಂಬ ಪ್ರಶ್ನೆಗೇ ಎಷ್ಟೋ ಬಡ್ತಿಗಳು ಬಿದ್ದುಹೋಗುತ್ತವೆ. ಬಡ್ತಿಗೆ ಆರು ತಿಂಗಳ ಮುಂಚೆ ನಿಮ್ಮ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿ, ಕೆಲಸದ ಹಂತಗಳನ್ನು ಬರೆದಿಡಿ, ಒಂದು ವಾರ ರಜೆ ಹಾಕಿ ಅದು ನಡೆಯುತ್ತದೆಯೇ ನೋಡಿ.

ನಿಮ್ಮ ಕೆಲಸವನ್ನು ಮೀಟಿಂಗಿನಲ್ಲಿ ಬೇರೆಯವರು ತಮ್ಮದೆಂಬಂತೆ ಹೇಳಿದಾಗ ಅಲ್ಲೇ ಜಗಳಕ್ಕಿಳಿದರೆ ಸಣ್ಣವರಾಗುವುದು ನೀವು. ಸುಮ್ಮನಿದ್ದರೆ ಆ ಕೆಲಸದ ಶ್ರೇಯವೇ ಹೋಯಿತು. ಆ ಗಳಿಗೆಯಲ್ಲಿ ಹೇಳಬೇಕಾದ್ದು: ‘ಹೌದು, ಆ ಲೆಕ್ಕ ಹಾಕುವಾಗ ನನಗೆ ಇನ್ನೊಂದು ಅಂಶ ಕಾಣಿಸಿತು…’ ಎಂದು ಶುರುಮಾಡಿ, ಮಾಡಿದವರಿಗೆ ಮಾತ್ರ ಗೊತ್ತಿರುವ ಒಂದು ವಿವರ ಸೇರಿಸುವುದು. ಆಪಾದನೆ ಇಲ್ಲ, ಆದರೆ ಕೆಲಸ ಯಾರದೆಂದು ಕೂತವರಿಗೆಲ್ಲ ಅರ್ಥವಾಗುತ್ತದೆ. ಎರಡನೇ ಸಲವೂ ಆದರೆ ಅವರೊಬ್ಬರನ್ನೇ ಕರೆದು ನೇರವಾಗಿ ಹೇಳಿ. ಮೂರನೇ ಸಲಕ್ಕೆ ಕಾಯದೆ ದಾರಿ ಬದಲಿಸಿ: ಮೀಟಿಂಗಿಗೆ ಒಂದು ದಿನ ಮೊದಲೇ ಕೆಲಸವನ್ನು ಎಲ್ಲರಿಗೂ ನಿಮ್ಮ ಹೆಸರಿನ ಮೇಲ್‌ನಲ್ಲಿ ಕಳಿಸಿ.

ಮನೆಯಿಂದ ಕೆಲಸ, ಎಐ ಜತೆ ಕೆಲಸ

ಮನೆಯಿಂದ ದುಡಿಯುವವರಿಗೆ ಬಡ್ತಿ ತಪ್ಪುತ್ತದೆಯೇ? ಚೀನಾದ ಸಿಟ್ರಿಪ್ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜತೆಗಾರರು ಮಾಡಿದ ಪ್ರಯೋಗದಲ್ಲಿ, ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ ಮಾಡಿದವರ ಕಾರ್ಯಕ್ಷಮತೆ ಶೇ 13ರಷ್ಟು ಏರಿತು. ಆದರೆ ಅಷ್ಟೇ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಕಡಿಮೆ. ಅದೇ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ದುಡಿದವರ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಡ್ತಿಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಆಯ್ಕೆ ಇದ್ದರೆ ವಾರಕ್ಕೆ ಎರಡು ಮೂರು ದಿನ ಹೋಗಿ, ಅದೂ ನಿಮ್ಮ ಮ್ಯಾನೇಜರ್ ಬರುವ ದಿನಗಳಲ್ಲಿ. ಖಾಲಿ ಕಚೇರಿಯಲ್ಲಿ ಹೆಡ್‌ಫೋನ್ ಹಾಕಿ ಕೂತರೆ ಪ್ರಯಾಣದ ಖರ್ಚಷ್ಟೇ ಲಾಭ. ಪೂರ್ತಿ ಮನೆಯಿಂದಲೇ ಆದರೆ ವಾರದ ದಾಖಲೆಯಿಂದ ಮೂರು ಸಾಲು ಎತ್ತಿ ಪ್ರತಿ ವಾರ ಮ್ಯಾನೇಜರ್‌ಗೆ ಕಳಿಸಿ.

ಎಐ ವಿಷಯ ಇದಕ್ಕಿಂತ ಗಡುಸು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಕರಡು ಬರೆಯುವುದು ಅಗ್ಗವಾಯಿತು. ‘ನಾನು ಇತರರಿಗಿಂತ ಎರಡು ಪಟ್ಟು ವರದಿ ಬರೆಯುತ್ತೇನೆ’ ಎಂಬುದು ಈಗ ಹೇಳಿಕೊಳ್ಳುವ ಮಾತಲ್ಲ. ಬೆಲೆ ಇರುವುದು ಸರಿಯಾದ ಪ್ರಶ್ನೆ ಆರಿಸುವುದಕ್ಕೆ, ಬಂದ ಉತ್ತರದಲ್ಲಿ ತಪ್ಪು ಹಿಡಿಯುವುದಕ್ಕೆ, ಕೊನೆಗೆ ಸಹಿ ಹಾಕಿ ಹೊಣೆ ಹೊರುವುದಕ್ಕೆ. ಎರಡು ವಾರ ನಿಮ್ಮ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ ಮೂರು ಗುರುತು ಹಾಕಿ: ಯಂತ್ರವೇ ಮಾಡಬಹುದಾದ್ದು, ಯಂತ್ರ ಕರಡು ಕೊಟ್ಟು ನಾನು ತಿದ್ದಬೇಕಾದ್ದು, ನಾನೇ ಮಾಡಬೇಕಾದ್ದು. ಮೊದಲನೆಯದರಿಂದ ಉಳಿದ ಗಂಟೆಗಳು ಮೂರನೆಯದಕ್ಕೆ ಹೋಗಲಿ. ಮೂರನೇ ಗುರುತು ಕಡಿಮೆ ಬಿದ್ದವರು ಬಡ್ತಿಗಿಂತ ಮೊದಲು ಕೆಲಸದ ಸ್ವರೂಪ ಬದಲಿಸಿಕೊಳ್ಳುವ ಯೋಚನೆ ಮಾಡಬೇಕು.

ಪರಿಶೀಲಿಸದೆ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ, ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 2023ರಲ್ಲಿ 5,000 ಡಾಲರ್ ದಂಡ ಹಾಕಿಸಿಕೊಂಡ ನ್ಯೂಯಾರ್ಕಿನ ವಕೀಲರೇ ಸಾಕ್ಷಿ. ಹೆಸರು, ತಾರೀಕು, ಅಂಕಿ, ಉಲ್ಲೇಖ ಈ ನಾಲ್ಕನ್ನು ಮೂಲದಲ್ಲೇ ತೆಗೆದು ನೋಡಿ. ಸಂಸ್ಥೆ ಅನುಮತಿಸದ ಸಾಧನಕ್ಕೆ ಒಳಗಿನ ಮಾಹಿತಿ ಹಾಕಬೇಡಿ.

ಇನ್ನು ಗಂಟೆಗಳ ಪೈಪೋಟಿ. ಅದಕ್ಕೆ ಇಳಿಯಲೇಬೇಡಿ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು. ಡೆಡ್‌ಲೈನಿನ ಒಂದೆರಡು ವಾರ ಬೇರೆ ಮಾತು.

ಸಿಗದೇ ಹೋದರೆ

ಫಲಿತಾಂಶ ಬಂದ ದಿನ ಯಾವ ಮೇಲ್ ಕೂಡ ಬರೆಯಬೇಡಿ. ಮೂರು ನಾಲ್ಕು ದಿನ ಬಿಟ್ಟು ಮ್ಯಾನೇಜರ್ ಜತೆ ಕೂತು ಕೇಳಿ: ಸಭೆಯಲ್ಲಿ ನನ್ನ ಬಗ್ಗೆ ಬಂದ ಆಕ್ಷೇಪ ಏನು? ಬಡ್ತಿ ಸಿಕ್ಕವರು ತೋರಿಸಿದ ಯಾವ ಕೆಲಸ ನನ್ನಲ್ಲಿಲ್ಲ? ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ನೀವೇ ಹಾಕುತ್ತೀರಾ? ಮೂರನೆಯದಕ್ಕೆ ‘ನೋಡೋಣ’ ಎಂದರೆ ಅದು ‘ಇಲ್ಲ’.

ಎರಡು ಸಲ ಒಂದೇ ಕಾರಣ ಹೇಳಿದರೆ ತುಂಬಬೇಕಾದ ಕೊರತೆ ನಿಜವಾಗಿ ಇದೆ, ಅದಕ್ಕೇ ಕೈಹಾಕಿ. ಪ್ರತಿ ಸಲವೂ ಕಾರಣ ಬದಲಾಗುತ್ತಿದ್ದರೆ ತೀರ್ಮಾನದ ಬೇರು ಬೇರೆಲ್ಲೋ ಇದೆ: ಬಜೆಟ್ ಇಲ್ಲ, ಹುದ್ದೆ ಖಾಲಿ ಇಲ್ಲ, ಅಥವಾ ಮ್ಯಾನೇಜರ್ ಮಾತಿಗೆ ಮೇಲೆ ಬೆಲೆ ಇಲ್ಲ. ಮೂರರಲ್ಲಿ ಯಾವುದನ್ನೂ ನಿಮ್ಮ ದುಡಿಮೆ ಸರಿಪಡಿಸದು. ಅದೇ ಸಂಸ್ಥೆಯ ಬೇರೆ ವಿಭಾಗ ಮೊದಲು ನೋಡಿ, ಆಮೇಲೆ ಹೊರಗೆ.

ಹೊರಗಿನ ಆಫರ್ ಲಿಖಿತವಾಗಿ ಕೈಗೆ ಬಂದು, ಷರತ್ತು, ಸೇರುವ ದಿನಾಂಕ ಓದಿ ಮುಗಿಯುವವರೆಗೆ ರಾಜೀನಾಮೆ ಬೇಡ. ಆಫರ್ ತೋರಿಸಿ ಬೆದರಿಸುವುದು ಒಮ್ಮೆ ಮಾತ್ರ ನಡೆಯುತ್ತದೆ, ಅದೂ ನಿಜಕ್ಕೂ ಹೋಗಲು ಸಿದ್ಧರಿದ್ದಾಗ. ಉಳಿಸಿಕೊಳ್ಳಲು ಹೆಚ್ಚು ಸಂಬಳ ಕೊಡುತ್ತೇವೆಂದರೆ, ಹೊರಡಲು ಕಾರಣ ಹಣವೊಂದೇ ಆಗಿತ್ತೇ ಎಂದು ಐದು ಅಂಶದ ಆ ಹಳೆಯ ಚೀಟಿ ತೆಗೆದು ನೋಡಿ. ಹೊಸ ಕಡೆಯ ಸಂದರ್ಶನದಲ್ಲಿ ‘ಪ್ರಶ್ನೆ ಏನಾದರೂ ಇದೆಯಾ?’ ಎಂದಾಗ, ಈ ಹುದ್ದೆಯಿಂದ ಕೊನೆಯದಾಗಿ ಬಡ್ತಿ ಪಡೆದವರು ಎಷ್ಟು ವರ್ಷಕ್ಕೆ ಪಡೆದರು, ಯಾವ ಕೆಲಸಕ್ಕೆ ಪಡೆದರು ಎಂದು ಕೇಳಿ. ನಿಮ್ಮ ಮ್ಯಾನೇಜರ್ ಆಗಲಿರುವವರು ಥಟ್ಟನೆ ಒಂದು ಉದಾಹರಣೆ ಕೊಟ್ಟರೆ ಅಲ್ಲಿ ದಾರಿ ಇದೆ. ‘ನಮ್ಮಲ್ಲಿ ಬೆಳವಣಿಗೆಗೆ ಬೇಕಾದಷ್ಟು ಅವಕಾಶ ಇದೆ’ ಎಂದಷ್ಟೇ ಹೇಳಿದರೆ, ಸಂಬಳದ ಚೌಕಾಸಿಯಲ್ಲಿ ಮುಂದಿನ ಬಡ್ತಿಯ ಆಸೆಗೆ ಒಂದು ರೂಪಾಯಿಯನ್ನೂ ಬಿಟ್ಟುಕೊಡಬೇಡಿ.